ಒಕ್ಕೂಟ ಬಿಟ್ಟ ಬ್ರಿಟನ್ – ಗಡಿಯಿಂದ ಒಂದು ನೋಟ

ಹತ್ತನೆಯ ತರಗತಿಯಲ್ಲಿ ಯುರೋಪಿನ ಭೂಪಟವನ್ನು ಗೋಡೆಗೆ ತೂಗಹಾಕಿ ಪಾಠ ಮಾಡುತ್ತಿದ್ದ ಒಂದು ದಿನ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂತು: "ಸಾರ್, ಒಮ್ಮೆ ಸೇರಿದ ಮೇಲೆ ಬಿಟ್ಟುಹೋಗಲಿಕ್ಕೆ ಆಗ್ತದಾ?" ಭೂಪಟ ಹಳೆಯದು. ಯುರೋಪಿನ ಒಕ್ಕೂಟಕ್ಕೆ ಸೇರಿದ ದೇಶಗಳಿಗೆಲ್ಲ ಅದರಲ್ಲಿ ಒಂದೇ ನೀಲಿ ಬಣ್ಣ. ಬ್ರಿಟನಿಗೂ ಅದೇ ಬಣ್ಣ. ನಾವು ಹೇಳುತ್ತಿದ್ದುದಾದರೋ ಬ್ರಿಟನ್ ಈಗ ಅದರಲ್ಲಿಲ್ಲ ಎಂದು. "ಆಗುತ್ತದೆ" ಎಂದು ಒಂದೇ ಮಾತಿನಲ್ಲಿ ಉತ್ತರ ಹೇಳುವಷ್ಟರಲ್ಲಿ ಗಂಟೆ ಹೊಡೆಯಿತು. ಮಕ್ಕಳು ಊಟಕ್ಕೆ ಓಡಿದರು. ಉತ್ತರದ ಮುಕ್ಕಾಲು ಪಾಲು ನಮ್ಮಲ್ಲೇ ಉಳಿಯಿತು.

ಆ ಉಳಿದ ಪಾಲನ್ನು ಈ ಪುಟಗಳಲ್ಲಿ ಬರೆಯುತ್ತಿದ್ದೇವೆ. ಹೆತ್ತವರೂ ಇದನ್ನು ಓದಬೇಕೆಂದು ನಮ್ಮ ಆಸೆ. ಯಾಕೆಂದರೆ ಗಡಿಯೆಂದರೆ ಏನೆಂಬುದು ಕಾಸರಗೋಡಿನ ಹಿರಿಯರಿಗೆ ಪುಸ್ತಕ ಓದಿ ತಿಳಿಯಬೇಕಾದ ವಿಷಯವಲ್ಲ.

ಮೊದಲು ಈ ಒಕ್ಕೂಟ ಹುಟ್ಟಿದ ಬಗೆಯನ್ನು ತಿಳಿಯೋಣ. ಎರಡನೆಯ ಮಹಾಯುದ್ಧ 1945ರಲ್ಲಿ ಮುಗಿದಾಗ ಯುರೋಪಿನ ಎಷ್ಟೋ ನಗರಗಳು ಬೂದಿಯಾಗಿದ್ದವು. ಫ್ರಾನ್ಸ್ ಮತ್ತು ಜರ್ಮನಿ ಮೂವತ್ತು ವರ್ಷಗಳೊಳಗೆ ಎರಡು ಸಲ ಕಾದಾಡಿದ್ದವು. ಮತ್ತೊಮ್ಮೆ ಹಾಗಾಗಬಾರದೆಂದು ಚಿಂತಿಸಿದವರು ಒಂದು ಉಪಾಯ ಹೂಡಿದರು. ಫಿರಂಗಿಗೆ ಉಕ್ಕು ಬೇಕು, ಉಕ್ಕಿಗೆ ಕಲ್ಲಿದ್ದಲು ಬೇಕು. ಇವೆರಡರ ಆಡಳಿತವನ್ನು ಎಲ್ಲರೂ ಕೂಡಿ ನಡೆಸಿದರೆ, ಒಬ್ಬರಿಗೆ ತಿಳಿಯದಂತೆ ಇನ್ನೊಬ್ಬರು ಯುದ್ಧಕ್ಕೆ ಸಿದ್ಧರಾಗುವುದು ಹೇಗೆ? ಹೀಗೆಂದು ಯೋಚಿಸಿ ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ಹಾಲೆಂಡ್ ಮತ್ತು ಲಕ್ಸೆಂಬರ್ಗ್ ಎಂಬ ಆರು ದೇಶಗಳು 1951ರಲ್ಲಿ ಪ್ಯಾರಿಸಿನಲ್ಲಿ ಒಪ್ಪಂದ ಮಾಡಿಕೊಂಡವು. 1957ರಲ್ಲಿ ಅವೇ ಆರು ರೋಮಿನಲ್ಲಿ ಸೇರಿ, ತಮ್ಮೊಳಗೆ ಸುಂಕವಿಲ್ಲದ ಸಾಮಾನ್ಯ ಮಾರುಕಟ್ಟೆಗೆ ಅಡಿಪಾಯ ಹಾಕಿದವು.

ಬ್ರಿಟನ್ ಆಗ ದೂರ ನಿಂತಿತು. ಅದಕ್ಕೆ ಸಾಮ್ರಾಜ್ಯದ ನೆನಪಿತ್ತು, ಕಾಮನ್ವೆಲ್ತ್ ದೇಶಗಳೊಡನೆ ವ್ಯಾಪಾರವಿತ್ತು. ಮುಂದೆ ಸೇರುವ ಮನಸ್ಸಾದಾಗ ಬಾಗಿಲು ತೆರೆಯಲಿಲ್ಲ. ಫ್ರಾನ್ಸಿನ ಅಧ್ಯಕ್ಷ ದ ಗಾಲ್ ಅವರು 1963ರಲ್ಲಿ ಒಮ್ಮೆ, 1967ರಲ್ಲಿ ಇನ್ನೊಮ್ಮೆ ಬೇಡವೆಂದರು. ಕೊನೆಗೆ 1973ರ ಜನವರಿ 1ರಂದು ಐರ್ಲೆಂಡ್, ಡೆನ್ಮಾರ್ಕ್‌ಗಳ ಜೊತೆ ಬ್ರಿಟನ್ ಒಳಗೆ ಬಂತು. ಎರಡೇ ವರ್ಷಗಳಲ್ಲಿ, 1975ರ ಜೂನ್ 5ರಂದು, "ಉಳಿಯೋಣವೇ?" ಎಂದು ಜನರನ್ನು ಕೇಳಲಾಯಿತು. ನೂರಕ್ಕೆ 67 ಮಂದಿ ಉಳಿಯೋಣ ಎಂದರು. ಬ್ರಿಟನ್ ಬಂದುದೂ ತಡವಾಗಿ, ಉಳಿದುದೂ ಅರ್ಧ ಮನಸ್ಸಿನಿಂದ ಎಂದು ಹೇಳುವವರಿದ್ದಾರೆ. ಆದರೂ 47 ವರ್ಷ ಅದು ಒಳಗೇ ಇತ್ತು.

ಈ ನಡುವೆ ಆರು ದೇಶಗಳ ಮಾರುಕಟ್ಟೆ ದೊಡ್ಡ ಸಂಸಾರವಾಗಿ ಬೆಳೆಯಿತು. 1993ರಿಂದ ಅದಕ್ಕೆ ಯುರೋಪಿನ ಒಕ್ಕೂಟ ಎಂಬ ಹೆಸರು ಬಂತು. ಆ ವರ್ಷದ ಆರಂಭದಿಂದಲೇ ಒಳಗಿನ ಸುಂಕದ ಕಟ್ಟೆಗಳು ಎದ್ದುಹೋದವು. ಸರಕು, ಹಣ, ಸೇವೆ, ಜನ – ಈ ನಾಲ್ಕಕ್ಕೂ ದೇಶದಿಂದ ದೇಶಕ್ಕೆ ತಡೆಯಿಲ್ಲ ಎಂಬುದು ಅಲ್ಲಿಯ ನಿಯಮ. 2004ರಲ್ಲಿ ಪೋಲೆಂಡ್ ಮೊದಲಾದ ಹತ್ತು ದೇಶಗಳು ಒಮ್ಮೆಗೇ ಸೇರಿದವು.

ಇಲ್ಲಿ ಮಕ್ಕಳು ಒಂದು ಮಾತನ್ನು ಸ್ಪಷ್ಟವಾಗಿ ತಿಳಿದಿರಬೇಕು. ನಮ್ಮ ಸಂವಿಧಾನವೂ ಭಾರತವನ್ನು ರಾಜ್ಯಗಳ ಒಕ್ಕೂಟ ಎನ್ನುತ್ತದೆ. ಪದ ಒಂದೇ ಆದರೂ ಅರ್ಥ ಒಂದೇ ಅಲ್ಲ. ಭಾರತವು ರಾಜ್ಯಗಳ ನಡುವಿನ ಕರಾರಿನಿಂದ ಹುಟ್ಟಿದ್ದಲ್ಲ, ಆದುದರಿಂದ ಯಾವ ರಾಜ್ಯಕ್ಕೂ ಬಿಟ್ಟುಹೋಗುವ ಹಕ್ಕಿಲ್ಲ ಎಂಬುದನ್ನು ಡಾ. ಅಂಬೇಡ್ಕರ್ ಅವರು 1948ರಲ್ಲಿಯೇ ಸಂವಿಧಾನ ಸಭೆಯಲ್ಲಿ ವಿವರಿಸಿದ್ದರು. ಯುರೋಪಿನ ಒಕ್ಕೂಟವಾದರೋ ಬೇರೆ ಬೇರೆ ಸ್ವತಂತ್ರ ದೇಶಗಳು ಕರಾರಿನಿಂದ ಕಟ್ಟಿಕೊಂಡದ್ದು. 2009ರಲ್ಲಿ ಜಾರಿಗೆ ಬಂದ ಲಿಸ್ಬನ್ ಒಪ್ಪಂದದ 50ನೆಯ ವಿಧಿಯಲ್ಲಿ, ಬಿಡಬೇಕೆನ್ನುವ ದೇಶ ನೋಟೀಸು ಕೊಟ್ಟು ಎರಡು ವರ್ಷದೊಳಗೆ ಲೆಕ್ಕ ಚುಕ್ತಾ ಮಾಡಿಕೊಂಡು ಹೋಗಬಹುದು ಎಂದೇ ಬರೆದಿದೆ. ಆದುದರಿಂದ "ಆಗುತ್ತದೆ" ಎಂದ ನಮ್ಮ ಉತ್ತರ ತಪ್ಪಲ್ಲ.

ಹಾಗಾದರೆ ಬಿಡಬೇಕೆಂದು ಅವರಿಗೆ ಅನಿಸಿದ್ದೇಕೆ? ಇದನ್ನು ನ್ಯಾಯವಾಗಿ ಹೇಳಬೇಕು. ಬಿಟ್ಟವರೆಲ್ಲ ಮೂರ್ಖರೆಂದು ತೀರ್ಮಾನಿಸುವುದು ಸುಲಭ, ಸರಿಯಲ್ಲ. ಮೊದಲನೆಯದು ಅಧಿಕಾರದ ಪ್ರಶ್ನೆ. ನಮ್ಮ ಮನೆಯ ಕಾನೂನನ್ನು ನಾವು ಆರಿಸಿದ ಪಾರ್ಲಿಮೆಂಟು ಮಾಡಬೇಕೇ ಹೊರತು ಬ್ರಸೆಲ್ಸಿನ ಕಚೇರಿಯಲ್ಲ ಎಂದು ಬಹಳ ಮಂದಿ ಪ್ರಾಮಾಣಿಕವಾಗಿ ನಂಬಿದ್ದರು. ಎರಡನೆಯದು ವಲಸೆ. ಪೂರ್ವ ಯುರೋಪಿನಿಂದ ಕೆಲಸಗಾರರು ಬಂದಾಗ ಶಾಲೆ, ಆಸ್ಪತ್ರೆ, ಬಾಡಿಗೆ ಮನೆಗಳ ಮೇಲೆ ಒತ್ತಡ ಬಿತ್ತೆಂಬ ದೂರು ಇತ್ತು. ಮೂರನೆಯದು ಮೀನು. ತಮ್ಮ ಕಡಲಿನಲ್ಲಿ ಹೊರಗಿನ ದೋಣಿಗಳಿಗೂ ಪಾಲು ಕೊಡಬೇಕಾದುದನ್ನು ಅಲ್ಲಿನ ಬೆಸ್ತರು ಸಹಿಸಲಿಲ್ಲ. ನಮ್ಮ ಕರಾವಳಿಯವರಿಗೆ ಆ ಸಂಕಟ ಅರ್ಥವಾಗುತ್ತದೆ. ನಾಲ್ಕನೆಯದು, ಗಣಿ ಮತ್ತು ಕಾರ್ಖಾನೆ ಮುಚ್ಚಿದ ಊರುಗಳ ಬೇಸರ. ಕಾರ್ನ್‌ವಾಲ್ ಪ್ರಾಂತ್ಯಕ್ಕೆ ಒಕ್ಕೂಟದಿಂದ ಬಹಳ ನೆರವು ಬರುತ್ತಿತ್ತು. ಆದರೂ ಅಲ್ಲಿ ಬಿಡಬೇಕೆನ್ನುವವರಿಗೇ ಬಹುಮತ ಬಂತು. ಬಡತನಕ್ಕಿಂತಲೂ, ತಮ್ಮ ಮಾತನ್ನು ಯಾರೂ ಕೇಳುವುದಿಲ್ಲ ಎಂಬ ಭಾವನೆ ಮನುಷ್ಯನನ್ನು ಹೆಚ್ಚು ಕೆರಳಿಸುತ್ತದೆ.

ಇದರ ಜೊತೆಗೆ ಸುಳ್ಳೂ ಬೆರೆಯಿತು. ವಾರಕ್ಕೆ 35 ಕೋಟಿ ಪೌಂಡ್ ಯುರೋಪಿಗೆ ಹೋಗುತ್ತಿದೆ ಎಂದು ಒಂದು ಕೆಂಪು ಬಸ್ಸಿನ ಮೇಲೆ ಬರೆದು ಊರೂರು ತಿರುಗಿಸಿದರು. ತಿರುಗಿ ಬರುವ ಹಣವನ್ನು ಕಳೆಯದೆ ಮಾಡಿದ ಲೆಕ್ಕ ಅದು. ದಾರಿ ತಪ್ಪಿಸುವ ಅಂಕಿ ಎಂದು ಅಲ್ಲಿನ ಅಂಕಿಅಂಶ ಪ್ರಾಧಿಕಾರವೇ ಹೇಳಿತು. ಬಿಟ್ಟರೆ ಮರುದಿನವೇ ಆಕಾಶ ಕಳಚಿ ಬೀಳುತ್ತದೆ ಎಂಬಂತೆ ಇನ್ನೊಂದು ಪಕ್ಷದವರೂ ಹೆದರಿಸಿದರು.

2016ರ ಜೂನ್ 23ರಂದು ಜನಮತಗಣನೆ ನಡೆಯಿತು. ಬಿಡೋಣ ಎಂದವರು 1,74,10,742. ಉಳಿಯೋಣ ಎಂದವರು 1,61,41,241. ನೂರರಲ್ಲಿ ಸುಮಾರು 52ಕ್ಕೆ 48. ಇಂಗ್ಲೆಂಡ್ ಮತ್ತು ವೇಲ್ಸ್ ಬಿಡೋಣ ಎಂದವು. ಸ್ಕಾಟ್ಲೆಂಡಿನಲ್ಲಿ ನೂರಕ್ಕೆ 62 ಮಂದಿ, ಉತ್ತರ ಐರ್ಲೆಂಡಿನಲ್ಲಿ ಸುಮಾರು 56 ಮಂದಿ ಉಳಿಯೋಣ ಎಂದರು. ಎಲ್ಲವನ್ನೂ ಒಟ್ಟಿಗೆ ಎಣಿಸಿದ್ದರಿಂದ ಆ ಎರಡು ನಾಡುಗಳೂ ಒಲ್ಲದ ಮನಸ್ಸಿನಿಂದ ಹೊರಡಬೇಕಾಯಿತು.

ಮತ ಯಾರಿಗಿತ್ತು, ಯಾರಿಗಿರಲಿಲ್ಲ ಎಂಬುದೂ ಯೋಚಿಸತಕ್ಕ ವಿಷಯ. ಬ್ರಿಟನಿನಲ್ಲಿ ನೆಲೆಸಿದ ಕಾಮನ್ವೆಲ್ತ್ ದೇಶಗಳ ಪ್ರಜೆಗಳಿಗೆ ಮತವಿತ್ತು. ಅಂದರೆ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಅಲ್ಲಿ ಕೆಲಸ ಮಾಡುವ ಕನ್ನಡಿಗ ವೈದ್ಯನೋ ಮಲಯಾಳಿ ದಾದಿಯೋ ಹೆಸರು ನೋಂದಾಯಿಸಿಕೊಂಡಿದ್ದರೆ ಮತ ಹಾಕಬಹುದಿತ್ತು. ಇಪ್ಪತ್ತು ವರ್ಷ ಅದೇ ಬೀದಿಯಲ್ಲಿದ್ದು ತೆರಿಗೆ ಕಟ್ಟಿದ ಇಟಲಿಯವನಿಗೆ ಮತವಿರಲಿಲ್ಲ. ಫಲಿತಾಂಶದಿಂದ ಬದುಕು ಅಲುಗಾಡಬೇಕಾಗಿದ್ದುದು ಅವನದೇ. 16 ಮತ್ತು 17 ವರ್ಷದವರಿಗೂ ಇರಲಿಲ್ಲ. ಸ್ಕಾಟ್ಲೆಂಡ್ 2014ರಲ್ಲಿ ತನ್ನದೇ ಜನಮತಗಣನೆ ನಡೆಸಿದಾಗ ಆ ವಯಸ್ಸಿನವರಿಗೆ ಮತ ಕೊಟ್ಟಿತ್ತು. ನಮ್ಮ ಹನ್ನೊಂದು, ಹನ್ನೆರಡನೆಯ ತರಗತಿಯವರ ವಯಸ್ಸಿನ ಆ ಮಕ್ಕಳೇ ತೀರ್ಮಾನದ ಫಲವನ್ನು ಹೆಚ್ಚು ಕಾಲ ಅನುಭವಿಸುವವರು.

ಮರುದಿನದಿಂದ ಅಲ್ಲಿನ ಪ್ರಜೆಗಳ ಮನಸ್ಸು ಹೇಗಿದ್ದೀತು? ಒಂದೇ ಮನೆಯಲ್ಲಿ ತಂದೆ "ನಮ್ಮ ದೇಶ ನಮಗೆ ಸಿಕ್ಕಿತು" ಎಂದು ಸಂತೋಷಪಟ್ಟರೆ, ಮಗಳು "ನನ್ನಿಂದ ಇಪ್ಪತ್ತೇಳು ದೇಶಗಳನ್ನು ಕಿತ್ತುಕೊಂಡರು" ಎಂದು ಅತ್ತದ್ದುಂಟು. ಇಬ್ಬರೂ ದೇಶವನ್ನು ಪ್ರೀತಿಸುವವರೇ. ಒಂದೇ ಪ್ರೀತಿ ಎರಡು ದಾರಿ ಹಿಡಿದಾಗ ಊಟದ ಮೇಜಿನ ಮೇಲೂ ಗಡಿ ಬೀಳುತ್ತದೆ.

ಮತಪತ್ರದಲ್ಲಿ "ಬಿಡಬೇಕೇ" ಎಂದಿತ್ತು. "ಹೇಗೆ" ಎಂದು ಇರಲಿಲ್ಲ. ನಮ್ಮ ಕಡೆ ಕೂಡುಕುಟುಂಬ ಪಾಲಾದದ್ದನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾದೀತು. ಪಾಲು ಬೇಕು ಎನ್ನಲು ಒಂದು ಗಳಿಗೆ ಸಾಕು. ಗದ್ದೆಯನ್ನು ಅಳೆಯಬಹುದು, ಪಾತ್ರೆಗಳನ್ನು ಎಣಿಸಬಹುದು. ಎರಡು ಪಾಲಿನ ತೋಟಕ್ಕೂ ನೀರು ಬರುವುದು ಒಂದೇ ಸುರಂಗದಿಂದ ಎಂದಾದರೆ ಆ ಸುರಂಗವನ್ನು ಹೇಗೆ ಕೊಯ್ಯುವುದು? ಅಲ್ಲಿಗೆ ಬಂದಾಗಲೇ ಅಮೀನರೂ ವಕೀಲರೂ ಬೇಕಾಗುತ್ತದೆ.

ಬ್ರಿಟನಿಗೂ ಹಾಗೆಯೇ ಆಯಿತು. 2017ರ ಮಾರ್ಚ್ 29ರಂದು ನೋಟೀಸು ಕೊಟ್ಟರು. ಎರಡು ವರ್ಷ ಸಾಲಲಿಲ್ಲ. ಪ್ರಧಾನಿ ತೆರೇಸಾ ಮೇ ಅವರು ತಂದ ಒಪ್ಪಂದವನ್ನು 2019ರ ಜನವರಿ 15ರಂದು ಕಾಮನ್ಸ್ ಸಭೆ 432ಕ್ಕೆ 202 ಮತಗಳಿಂದ ತಳ್ಳಿಹಾಕಿತು. ಅವರ ಬಳಿಕ ಬಂದ ಬೋರಿಸ್ ಜಾನ್ಸನ್ ಅವರು ಪಾರ್ಲಿಮೆಂಟನ್ನು ಕೆಲವು ವಾರ ಮುಚ್ಚಿಸಿದ್ದು ಕಾನೂನಿಗೆ ವಿರುದ್ಧವೆಂದು ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಾಧೀಶರೂ ಒಮ್ಮತದಿಂದ ತೀರ್ಪು ಕೊಟ್ಟರು. ಕೊನೆಗೆ 2020ರ ಜನವರಿ 31ರ ರಾತ್ರಿ, ಲಂಡನಿನಲ್ಲಿ 11 ಗಂಟೆಗೆ, ಬ್ರಿಟನ್ ಒಕ್ಕೂಟದಿಂದ ಹೊರಗೆ ಬಂತು. ಬ್ರಸೆಲ್ಸಿನಲ್ಲಿ ಆಗ ನಡುರಾತ್ರಿ. ಹಳೆಯ ನಿಯಮಗಳು ಮತ್ತೂ ಹನ್ನೊಂದು ತಿಂಗಳು ನಡೆದು, ಡಿಸೆಂಬರ್ 31ಕ್ಕೆ ಮುಗಿದವು.

ಅವರ ಪಾಲಿಗೆ ಸುರಂಗದ ಪ್ರಶ್ನೆಯಾದುದು ಐರ್ಲೆಂಡಿನ ಗಡಿ. ಐರ್ಲೆಂಡ್ ದ್ವೀಪವನ್ನು 1921ರಲ್ಲಿ ಎರಡು ಮಾಡಿದರು. ಉತ್ತರದ ಆರು ಕೌಂಟಿಗಳು ಬ್ರಿಟನಿಗೆ ಉಳಿದವು, ಮಿಕ್ಕವು ಬೇರೆ ದೇಶವಾದವು. ಗೆರೆಯ ಉದ್ದ ಸುಮಾರು 500 ಕಿಲೋಮೀಟರು. ಹಳೆಯ ಕೌಂಟಿಗಳ ಮೇರೆಯನ್ನೇ ದೇಶದ ಗಡಿಯಾಗಿ ಮಾಡಿದ್ದರಿಂದ ಅದು ಕೆಲವೆಡೆ ಒಬ್ಬನ ಹೊಲದ ನಡುವೆಯೇ ಹಾಯುತ್ತದೆ. ಗೆರೆಯನ್ನು ಸರಿಪಡಿಸಲು ಒಂದು ಆಯೋಗವೂ ಕೂತಿತು. 1925ರಲ್ಲಿ ಅದರ ವರದಿಯನ್ನು ಪ್ರಕಟಿಸದೆ ಬದಿಗಿಟ್ಟರು. ವರದಿ ಕಪಾಟಿನಲ್ಲಿ ಉಳಿಯುವ ಕಥೆಯನ್ನು 1967ರ ಮಹಾಜನ ವರದಿಯ ನೆನಪಿರುವ ನಮ್ಮ ಹಿರಿಯರಿಗೆ ವಿವರಿಸಬೇಕಾಗಿಲ್ಲ.

1960ರ ದಶಕದ ಕೊನೆಯಿಂದ ಮೂವತ್ತು ವರ್ಷ ಉತ್ತರ ಐರ್ಲೆಂಡಿನಲ್ಲಿ ರಕ್ತ ಹರಿಯಿತು. ಸುಮಾರು 3,500 ಮಂದಿ ಸತ್ತರು. ಗಡಿಯಲ್ಲಿ ಸೈನ್ಯದ ಕಾವಲು ಗೋಪುರಗಳು ಎದ್ದವು. ಹಳ್ಳಿದಾರಿಗಳಲ್ಲಿ ಸೈನಿಕರು ಸಿಡಿಮದ್ದಿನಿಂದ ಹೊಂಡ ಮಾಡಿದರೆ, ಊರವರು ಸೇರಿ ಅವನ್ನು ಮುಚ್ಚುತ್ತಿದ್ದರು. ಮಾರುಕಟ್ಟೆಗೂ ಇಗರ್ಜಿಗೂ ನೆಂಟರ ಮನೆಗೂ ಹೋಗಲು ಅವರಿಗೆ ಬೇರೆ ದಾರಿಯಿರಲಿಲ್ಲ. 1993ರಲ್ಲಿ ಒಕ್ಕೂಟದ ನಿಯಮದಿಂದ ಸುಂಕದ ಕಟ್ಟೆ ಹೋಯಿತು. 1998ರ ಏಪ್ರಿಲ್ 10ರ ಶುಭ ಶುಕ್ರವಾರದ ಒಪ್ಪಂದದಿಂದ ಶಾಂತಿ ಬಂತು, ಗೋಪುರಗಳೂ ಕ್ರಮೇಣ ಇಳಿದವು. ಆಮೇಲೆ 200ಕ್ಕೂ ಹೆಚ್ಚು ದಾರಿಗಳಲ್ಲಿ ಜನ ತಡೆಯಿಲ್ಲದೆ ಓಡಾಡಿದರು. ವೇಗದ ಫಲಕ ಮೈಲಿಯಿಂದ ಕಿಲೋಮೀಟರಿಗೆ ಬದಲಾದಾಗಲೇ ಗಡಿ ದಾಟಿದ್ದು ತಿಳಿಯುವುದು.

ಈಗ ತೊಡಕನ್ನು ನೋಡಿ. ಬ್ರಿಟನ್ ಒಕ್ಕೂಟದ ಮಾರುಕಟ್ಟೆಯನ್ನು ಬಿಟ್ಟಿತು. ದಕ್ಷಿಣದ ಐರ್ಲೆಂಡ್ ಉಳಿಯಿತು. ಎರಡು ಮಾರುಕಟ್ಟೆಗಳ ನಿಯಮ ಬೇರೆಯಾದಾಗ ಎಲ್ಲಾದರೂ ಒಂದು ಕಡೆ ಲಾರಿಯನ್ನು ನಿಲ್ಲಿಸಿ ಸರಕು ನೋಡಲೇಬೇಕು. ಬ್ರಿಟನಿಗೆ ಮೂರು ಆಸೆಗಳಿದ್ದವು: ಪೂರ್ತಿ ಹೊರಗೆ ಹೋಗಬೇಕು, ಐರ್ಲೆಂಡಿನ ನಡುವೆ ಸುಂಕದ ಕಟ್ಟೆ ಮತ್ತೆ ಬರಬಾರದು, ಬ್ರಿಟನಿಗೂ ಉತ್ತರ ಐರ್ಲೆಂಡಿಗೂ ನಡುವೆ ಗೆರೆ ಬೀಳಬಾರದು. ಇವುಗಳಲ್ಲಿ ಯಾವ ಎರಡನ್ನು ಆರಿಸಿದರೂ ಮೂರನೆಯದು ಕೈತಪ್ಪುತ್ತದೆ. ಕಾಗದದ ಮೇಲೆ ಬರೆದು ನೋಡಿದರೆ ಎಂಟನೆಯ ತರಗತಿಯವರಿಗೂ ಇದು ತಿಳಿದೀತು. ಅಲ್ಲಿನ ದೊಡ್ಡವರಿಗೆ ಒಪ್ಪಿಕೊಳ್ಳಲು ವರ್ಷಗಳು ಹಿಡಿದವು.

ಕೊನೆಗೆ ಕೈಬಿಟ್ಟದ್ದು ಮೂರನೆಯದನ್ನು. ಸರಕಿನ ತಪಾಸಣೆಯನ್ನು ಕಡಲಿಗೆ ಸರಿಸಿ, ಬ್ರಿಟನಿನಿಂದ ಬರುವ ಸಾಮಾನನ್ನು ಉತ್ತರ ಐರ್ಲೆಂಡಿನ ಬಂದರುಗಳಲ್ಲಿ ನೋಡುವುದೆಂದು ಒಪ್ಪಿದರು. ಬ್ರಿಟನಿನೊಡನೆ ಇರಬೇಕೆನ್ನುವ ಅಲ್ಲಿನ ಜನರಿಗೆ ಇದು ನೋವಾಯಿತು. ಸ್ವಂತ ದೇಶದೊಳಗೇ ನಾವು ಪರಕೀಯರೇ ಎಂದು ಕೇಳಿದರು. 2022ರ ಫೆಬ್ರವರಿಯಲ್ಲಿ ಅವರ ದೊಡ್ಡ ಪಕ್ಷ ಹಿಂದೆ ಸರಿದು ಅಲ್ಲಿನ ಸರಕಾರ ನಿಂತುಹೋಯಿತು. 2023ರಲ್ಲಿ ವಿಂಡ್ಸರ್ ಒಪ್ಪಂದದಿಂದ ತಪಾಸಣೆ ಸಡಿಲವಾಯಿತು. ಸರಕಾರ ಮತ್ತೆ ನಡೆದದ್ದು 2024ರ ಫೆಬ್ರವರಿಯಲ್ಲಿ. ಒಂದು ಗೆರೆಯನ್ನು ತಪ್ಪಿಸಲು ಇನ್ನೊಂದು ಗೆರೆ ಎಳೆಯಬೇಕಾಯಿತು.

ಗಡಿಯೆಂದರೆ ಸರಕು ಮಾತ್ರವಲ್ಲ. ಉತ್ತರದ ಡೆರಿ ಪಟ್ಟಣದಲ್ಲಿ ಆಲ್ಟ್‌ನಾಗೆಲ್ವಿನ್ ಎಂಬ ಆಸ್ಪತ್ರೆಯಿದೆ. 2016ರಲ್ಲಿ ತೆರೆದ ಅದರ ಕ್ಯಾನ್ಸರ್ ಕೇಂದ್ರಕ್ಕೆ ಗಡಿಯಾಚೆಯ ಡೊನೆಗಲ್ ಕೌಂಟಿಯವರೂ ಬರುತ್ತಾರೆ. ಉತ್ತರದ ಮಕ್ಕಳಿಗೆ ಹೃದಯದ ಶಸ್ತ್ರಚಿಕಿತ್ಸೆ ಬೇಕಾದರೆ ದಕ್ಷಿಣದ ಡಬ್ಲಿನ್ನಿಗೆ ಕೊಂಡೊಯ್ಯುತ್ತಾರೆ. ಆ ಹೆತ್ತವರಿಗೆ ಅಧಿಕಾರದ ಪ್ರಶ್ನೆಯಾಗಲಿ ಮೀನಿನ ಪ್ರಶ್ನೆಯಾಗಲಿ ದೊಡ್ಡದಲ್ಲ. ಆಂಬುಲೆನ್ಸ್ ನಿಲ್ಲದೆ ಹೋದೀತೇ ಎಂಬುದೊಂದೇ ಪ್ರಶ್ನೆ.

ಈ ಮಾತನ್ನು ಬರೆಯುವಾಗ ನಮ್ಮ ಕೈ ಒಂದು ಗಳಿಗೆ ನಿಂತಿತು. ಬ್ರಿಟನ್ ಒಕ್ಕೂಟ ಬಿಟ್ಟ ಎರಡೇ ತಿಂಗಳಿಗೆ, 2020ರ ಮಾರ್ಚ್ ಕೊನೆಯಲ್ಲಿ, ಸಾಂಕ್ರಾಮಿಕದ ಭಯದಿಂದ ತಲಪಾಡಿಯ ಹೆದ್ದಾರಿಗೆ ಅಡ್ಡಲಾಗಿ ಮಣ್ಣು ಬಿತ್ತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ಜಿಲ್ಲೆಯ ರೋಗಿಗಳು ಗಡಿಯಲ್ಲಿ ನಿಂತರು. ಕೆಲವರು ಚಿಕಿತ್ಸೆ ಸಿಗದೆ ತೀರಿಕೊಂಡರು. ವಿಷಯ ನ್ಯಾಯಾಲಯದವರೆಗೆ ಹೋಗಬೇಕಾಯಿತು. ತಪ್ಪು ಯಾರದೆಂದು ಇಲ್ಲಿ ಚರ್ಚಿಸುವುದಿಲ್ಲ. ನಮ್ಮದು ಒಂದೇ ದೇಶದೊಳಗಿನ ಗೆರೆ, ಅಲ್ಲಿಯದು ಎರಡು ದೇಶಗಳ ನಡುವಿನದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೆ ಆ ವಾರ ನಮ್ಮ ಎಷ್ಟೋ ಮನೆಗಳಿಗೆ ಡೊನೆಗಲ್ಲಿನವರ ಭಯ ಪರಿಚಯವಾಯಿತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಇನ್ನೊಂದು ತುದಿಯಲ್ಲಿ, ಸ್ಪೇನಿನ ಅಂಚಿಗೆ, ಜಿಬ್ರಾಲ್ಟರ್ ಎಂಬ ಸಣ್ಣ ಬ್ರಿಟಿಷ್ ನೆಲವಿದೆ. ಅಲ್ಲಿ ನೂರಕ್ಕೆ 96 ಮಂದಿ ಉಳಿಯೋಣ ಎಂದು ಮತ ಹಾಕಿದ್ದರು. ಕಾರಣ ಊಹಿಸುವುದು ಕಷ್ಟವಲ್ಲ. 1969ರಲ್ಲಿ ಸ್ಪೇನಿನ ಸರ್ವಾಧಿಕಾರಿ ಫ್ರಾಂಕೋ ಗಡಿಯ ಗೇಟು ಮುಚ್ಚಿಸಿದಾಗ ಒಂದೇ ಕುಟುಂಬದವರು ಬೇಲಿಯ ಎರಡು ಕಡೆ ನಿಂತು ಕೂಗಿ ಮಾತಾಡಬೇಕಾಗಿತ್ತು. ನಡೆದು ಹೋಗುವವರಿಗೆ ಗೇಟು ತೆರೆದದ್ದು 1982ರಲ್ಲಿ, ವಾಹನಗಳಿಗೆ 1985ರಲ್ಲಿ. ಬೇಲಿಯನ್ನು ಕಂಡವರು ಬೇಲಿಗೆ ಮತ ಹಾಕಲಿಲ್ಲ.

ಬಿಟ್ಟದ್ದರಿಂದ ಬ್ರಿಟನಿಗೆ ಲಾಭವೇ ಆಗಲಿಲ್ಲವೆಂದಲ್ಲ. ಈಗ ಅದು ಬೇರೆ ದೇಶಗಳೊಡನೆ ತಾನೇ ವ್ಯಾಪಾರದ ಒಪ್ಪಂದ ಮಾಡಿಕೊಳ್ಳಬಹುದು. ಭಾರತದೊಡನೆ 2025ರ ಜುಲೈ 24ರಂದು ಅಂಥ ಒಂದು ಒಪ್ಪಂದಕ್ಕೆ ಸಹಿಯಾಯಿತು. ಕಾನೂನು ಮಾಡುವ ಅಧಿಕಾರವೂ ಅವರ ಪಾರ್ಲಿಮೆಂಟಿಗೆ ಮರಳಿದೆ. ನಷ್ಟವೂ ಉಂಟು. ಒಕ್ಕೂಟದಲ್ಲಿ ಉಳಿದಿದ್ದರೆ ಆಗುತ್ತಿದ್ದುದಕ್ಕಿಂತ ದೇಶದ ಉತ್ಪಾದಕತೆ ದೀರ್ಘಕಾಲದಲ್ಲಿ ನೂರಕ್ಕೆ 4ರಷ್ಟು ಕಡಿಮೆಯಾದೀತೆಂದು ಅಲ್ಲಿಯ ಸರಕಾರವೇ ನೇಮಿಸಿದ ಆಯವ್ಯಯ ಪರಿಶೀಲನಾ ಸಂಸ್ಥೆ ಅಂದಾಜು ಮಾಡಿದೆ. ಯುರೋಪಿನ ಯಾವ ದೇಶದಲ್ಲಾದರೂ ಒಂದಷ್ಟು ಕಾಲ ಓದಲು ನೆರವಾಗುತ್ತಿದ್ದ ಎರಾಸ್ಮಸ್ ಯೋಜನೆಯಿಂದಲೂ ಬ್ರಿಟನ್ ಆಗ ಹೊರಬಂತು. ಉತ್ತರ ಐರ್ಲೆಂಡಿನ ವಿದ್ಯಾರ್ಥಿಗಳಿಗೆ ಆ ಸೌಲಭ್ಯ ತಪ್ಪಬಾರದೆಂದು ಗಡಿಯಾಚೆಯ ಐರ್ಲೆಂಡ್ ಸರಕಾರ ತಾನೇ ವೆಚ್ಚ ವಹಿಸಲು ಮುಂದಾಯಿತು. ಗೆರೆ ಬಿದ್ದ ಮೇಲೂ ನೆರೆಹೊರೆ ಉಳಿಯುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ.

ಇದೆಲ್ಲದರಿಂದ ನಾವು ತಿಳಿಯತಕ್ಕದ್ದೇನು? ಸೇರುವುದು ಯಾವಾಗಲೂ ಒಳ್ಳೆಯದು, ಬಿಡುವುದು ಯಾವಾಗಲೂ ಕೆಟ್ಟದು ಎಂದಲ್ಲ. ಅದನ್ನು ತೀರ್ಮಾನಿಸುವ ಹಕ್ಕು ಆ ಆ ದೇಶದ ಪ್ರಜೆಗಳದು. ಆದರೆ ಗೆರೆ ಎಳೆಯುವವರು ಬೇರೆ, ಗೆರೆಯ ಮೇಲೆ ಬಾಳುವವರು ಬೇರೆ. ಎಳೆಯುವವರು ಬಹಳ ಮಂದಿ, ಬಹಳ ದೂರ ಇರುತ್ತಾರೆ. ಬಾಳುವವರು ಕೆಲವೇ ಮಂದಿ. ಮತ ಎಣಿಸುವಾಗ ಆ ಕೆಲವರ ದನಿ ಕೇಳಿಸುವುದಿಲ್ಲ. ಲಂಡನಿನ ವಾದವಿವಾದಗಳಲ್ಲಿ ಐರ್ಲೆಂಡಿನ ಗಡಿಯ ಮಾತು ಮತದಾನಕ್ಕೆ ಮೊದಲು ಬಂದದ್ದು ಅಪರೂಪ. ಆಮೇಲೆ ಬಂದದ್ದೆಲ್ಲ ಅದೇ ಮಾತು.

ನಮ್ಮ ಮಕ್ಕಳು ಮನೆಯಲ್ಲಿ ತುಳುವೋ ಕನ್ನಡವೋ ಆಡುತ್ತಾರೆ, ಪೇಟೆಯಲ್ಲಿ ಮಲಯಾಳ ಆಡುತ್ತಾರೆ, ಬ್ಯಾರಿ, ಕೊಂಕಣಿ, ಮರಾಠಿ ಕೇಳಿ ಬೆಳೆಯುತ್ತಾರೆ. ನಾಳೆ ಅವರಲ್ಲಿ ಯಾರಾದರೂ ಒಂದು ಕಡತದ ಮುಂದೆಯೋ ಒಂದು ಮತಪೆಟ್ಟಿಗೆಯ ಮುಂದೆಯೋ ನಿಂತು ಎಲ್ಲಿಯದೋ ಒಂದು ಗೆರೆಯ ವಿಷಯ ತೀರ್ಮಾನಿಸಬೇಕಾದೀತು. ಆಗ "ಈ ಗೆರೆಯ ಮೇಲೆ ಯಾರ ಮನೆ ಇದೆ?" ಎಂದು ಮೊದಲು ಕೇಳುವವರು ನಮ್ಮ ಶಾಲೆಯವರಾಗಿರಲಿ ಎಂದು ಹಾರೈಸುತ್ತೇವೆ.

ಹಿಂದಿನ ಬೆಂಚಿನ ಆ ವಿದ್ಯಾರ್ಥಿಗೆ ನಮ್ಮ ಪೂರ್ತಿ ಉತ್ತರ ಇದು: ಬಿಟ್ಟುಹೋಗಲಿಕ್ಕೆ ಆಗುತ್ತದೆ ಮಗೂ. ಆದರೆ ನೆರೆಯವರನ್ನು ಬಿಟ್ಟುಹೋಗಲಿಕ್ಕೆ ಆಗುವುದಿಲ್ಲ. ಹಳೆಯ ಭೂಪಟವನ್ನು ನಾವು ಇನ್ನೂ ತೆಗೆದಿಲ್ಲ. ಬ್ರಿಟನಿನ ಮೇಲೆ ಬೇರೆ ಬಣ್ಣದ ಕಾಗದ ಅಂಟಿಸಲು ಈ ವರ್ಷದ ಹತ್ತನೆಯ ತರಗತಿಯವರಿಗೆ ಹೇಳಿದ್ದೇವೆ. ಉತ್ತರ ಐರ್ಲೆಂಡಿಗೆ ಯಾವ ಬಣ್ಣ ಹಾಕಬೇಕೆಂದು ಅವರು ಕೇಳುತ್ತಿದ್ದಾರೆ.